ಇಂಚಿಗೆ ಇಪ್ಪತ್ತು ಅಡಿ

ಕೃಷ್ಣಮೋಹನನನ್ನು ತೀರ್ಪುಗಾರನ ಕುರ್ಚಿಗೆ ಏರಿಸಿದ್ದು ಒಂದು ಮಸಾಲೆ ದೋಸೆ.

ಪುತ್ತೂರಿನ ಹೋಟೆಲೊಂದರಲ್ಲಿ ಆ ದೋಸೆ ಬಂದು ಎದುರಿಗೆ ಕುಳಿತಾಗ ಅವನು ಅದನ್ನು ಮುರಿಯಲಿಲ್ಲ. ಅಂಗಿಯ ಜೇಬಿನಿಂದ ಆರಿಂಚಿನ ಸ್ಕೇಲು ತೆಗೆದು ಅಳೆದ. "ಹೋದ ಮಂಗಳವಾರ ಹನ್ನೊಂದೂಕಾಲು ಇಂಚು ಇತ್ತು. ಇವತ್ತು ಹತ್ತೂವರೆ. ಮುಕ್ಕಾಲು ಇಂಚು ಎಲ್ಲಿ ಹೋಯಿತು?" ಎಂದು ಬಡಿಸುವವನನ್ನು ಕೇಳಿದ.

"ಸ್ಕೇಲು ನೋಡಿ ಹೆದರಿ ಮುದುಡಿದ್ದು ಸಾರ್" ಎಂದು ಅವನು ಮುಂದಿನ ಮೇಜಿಗೆ ಹೋದ.

ತಾಲೂಕು ಕಚೇರಿಯಲ್ಲಿ ಸರ್ವೆಯರನಾಗಿದ್ದ ಕೃಷ್ಣಮೋಹನನಿಗೆ ಹನ್ನೊಂದು ವರ್ಷದ ಸರ್ವಿಸಿನಲ್ಲಿ ಅಂಟಿದ ಚಟ ಅದು. ಮನೆಯಲ್ಲಿ ಸೋರೆಕಾಯಿಯ ಉದ್ದ, ದೇವಸ್ಥಾನದಲ್ಲಿ ಪ್ರಸಾದದ ಎಲೆಯ ಅಗಲ, ಯಾವುದನ್ನೂ ಬಿಡುತ್ತಿರಲಿಲ್ಲ. ಅಳತೆಯ ವಿಷಯದಲ್ಲಿ ಜನ ಅವನನ್ನು ದೇವರಂತೆ ನಂಬಿದ್ದರು. ದೇವರಂತೆಯೇ ಅವನೂ ಸ್ಥಳಕ್ಕೆ ಬರುವುದು ಕಡಿಮೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಎದುರಿನ ಬೆಂಚಿನಲ್ಲಿ ಕಾಪಿ ಕುಡಿಯುತ್ತಿದ್ದ ಒಬ್ಬರು ಲೋಟವನ್ನು ಹಾಗೇ ಕೆಳಗಿಟ್ಟು ಎದ್ದು ಬಂದರು. ಕಡಬದ ಜವುಳಿ ವ್ಯಾಪಾರಿ ವೆಂಕಟ್ರಮಣ. ಜೊತೆಗೆ ಅಲ್ಲಿಯ ಮಾದರಿಗಾರರ ಸಂಘದ ಕಾರ್ಯದರ್ಶಿ. ಮರ, ಮಣ್ಣು, ರಟ್ಟು, ಬೆಂಕಿಪೆಟ್ಟಿಗೆ, ಕೈಗೆ ಸಿಕ್ಕಿದ್ದರಲ್ಲೆಲ್ಲ ಮನೆ, ಸೇತುವೆ, ಬಸ್ಸುಗಳ ಪುಟ್ಟ ಪ್ರತಿರೂಪ ಮಾಡುವ ಹುಚ್ಚಿನ ಇಪ್ಪತ್ತು ಮೂವತ್ತು ಜನ ಸೇರಿ ವರ್ಷಕ್ಕೊಂದು ಸಮ್ಮೇಳನ ನಡೆಸುತ್ತಿದ್ದರು. ಕೊನೆಗೆ ಸ್ಪರ್ಧೆ, ಬಹುಮಾನ, ಜಗಳ.

"ನೀವೇ ಆಗಬೇಕು ಮಾರಾಯ್ರೆ" ಎಂದು ವೆಂಕಟ್ರಮಣರು ಅವನ ಕೈ ಹಿಡಿದುಕೊಂಡರು. "ಹೋದ ವರ್ಷ ತೀರ್ಪಿಗೆ ಒಬ್ಬ ಸಾಹಿತಿಯನ್ನು ಕರೆದೆವು. ಅವರು ಎಲ್ಲವನ್ನೂ ನೋಡಿ ಕಣ್ಣೊರೆಸಿಕೊಂಡು 'ಎಲ್ಲವೂ ಸುಂದರ, ಎಲ್ಲರೂ ಪ್ರಥಮ' ಅಂದರು. ಇದ್ದದ್ದು ಒಂದು ಕಪ್ಪು, ಪ್ರಥಮ ಬಂದವರು ಹದಿನೇಳು ಜನ. ಆ ಸಾಹಿತಿಯನ್ನು ಹಿಂದಿನ ಬಾಗಿಲಿನಿಂದ ಬಸ್ಸು ಹತ್ತಿಸಿ ಕಳಿಸುವಾಗ ನಮ್ಮ ಜೀವ ಹೋಗಿ ಬಂತು. ನಮಗೆ ಬೇಕಾದದ್ದು ನಿಮ್ಮ ಹಾಗೆ ದೋಸೆಗೂ ದಯೆ ತೋರಿಸದವರು."

ಇಂಥ ಹೊಗಳಿಕೆಗೆ ಯಾವ ಸರಕಾರಿ ನೌಕರ ಕರಗುವುದಿಲ್ಲ? ಕೃಷ್ಣಮೋಹನ ಒಪ್ಪಿದ್ದಷ್ಟೇ ಅಲ್ಲ, ಸ್ಪರ್ಧೆಗೆ ಹದಿನಾಲ್ಕು ನಿಯಮಗಳನ್ನೂ ಬರೆದು ಕಳಿಸಿದ. ಅವುಗಳಲ್ಲಿ ಅವನಿಗೆ ಹೆಚ್ಚು ಪ್ರಿಯವಾದದ್ದು ಒಂಬತ್ತನೆಯದು: 'ಜಾಗಗಳ ಮಾದರಿಯನ್ನು ಸರಕಾರಿ ಸರ್ವೆ ನಕ್ಷೆಯೊಡನೆ ಹೋಲಿಸಿ ನೋಡಲಾಗುವುದು. ಕೂದಲೆಳೆಯ ವ್ಯತ್ಯಾಸವಿದ್ದರೂ ತಿರಸ್ಕರಿಸಲಾಗುವುದು.'

ಮುಖ್ಯ ಅತಿಥಿ ತಹಶೀಲ್ದಾರರೆಂದು ಗೊತ್ತಾದಾಗ ಅವನ ಸಂತೋಷ ಇಮ್ಮಡಿಯಾಯಿತು. ಅವನ ಪ್ರಮೋಷನ್ನಿನ ಫೈಲು ಅವರ ಕೈಯಲ್ಲಿತ್ತು. ಅವರ ಒಂದು ಶಿಫಾರಸು ಬಿದ್ದರೆ ಅವನು ಸೂಪರ್‌ವೈಸರ್. ಮಂಗಳೂರಿನಲ್ಲಿ ಮೇಜು, ತಲೆಯ ಮೇಲೆ ಫ್ಯಾನು. ಇನ್ನು ಗುಡ್ಡ ಹತ್ತುವ ಮಾತೇ ಇಲ್ಲ. "ಫೈಲು ಜೀಪಿನಲ್ಲೇ ಇಟ್ಟುಕೊಂಡು ಬರುತ್ತೇನೆ. ಅಲ್ಲಿಂದ ನೇರ ಮಂಗಳೂರಿಗೆ ಹೋಗುವವನು" ಎಂದು ತಹಶೀಲ್ದಾರರು ಹೇಳಿದ್ದರು. "ನೀವು ಕೆಲಸ ಮಾಡುವುದನ್ನು ಒಮ್ಮೆ ಕಣ್ಣಾರೆ ನೋಡಿ ಸಹಿ ಹಾಕುತ್ತೇನೆ."

ಹೀಗೆ, ಎಂಬತ್ತಮೂರನೇ ಇಸವಿಯ ಜನವರಿಯ ಒಂದು ಭಾನುವಾರ ಬೆಳಿಗ್ಗೆ, ಇಸ್ತ್ರಿ ಹಾಕಿದ ಪ್ಯಾಂಟು ತೊಟ್ಟು ಕೃಷ್ಣಮೋಹನ ಕಡಬದಲ್ಲಿ ಬಸ್ಸಿಳಿದ.

ಇಳಿದಲ್ಲೇ ಎದುರಾದವನು ಜತ್ತಪ್ಪ. ಹಿಂದೆ ಅವನ ಜೊತೆ ಸರ್ವೆ ಚೈನು ಎಳೆಯುತ್ತಿದ್ದವನು. ರಿಟೈರಾಗಿ ಸುಳ್ಯದ ಆಲೆಟ್ಟಿಯಲ್ಲಿ ಮಗಳ ಮನೆಯಲ್ಲಿದ್ದ.

"ಎಂತ ಜತ್ತಪ್ಪ, ಇಲ್ಲಿ?"

"ಸಾರ್ ಜಡ್ಜು ಅಂತ ಪೇಪರಿನಲ್ಲಿ ಇತ್ತು. ನೋಡಿ ಹೋಗುವ ಅಂತ ಮೂರು ಬಸ್ಸು ಬದಲಿಸಿ ಬಂದೆ" ಎಂದು ಜತ್ತಪ್ಪ ಹಲ್ಲು ಬಿಟ್ಟ. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದ. "ಸಾರ್, ಆ ರಬ್ಬರಿನ ಚಾಕೋ ಇದ್ದಾನಲ್ಲ, ಎಪ್ಪತ್ತೊಂಬತ್ತರಲ್ಲಿ ನಾವು ಸರ್ವೆ ಮಾಡಿದ್ದು, ಗುಡ್ಡೆಯ ಮೇಲಿನ ಐದು ಎಕರೆ. ಅವನು ಅದೇ ಜಾಗದ ಮಾದರಿ ಮಾಡಿ ತಂದಿದ್ದಾನಂತೆ."

"ಮಾಡಲಿ. ನನ್ನ ನಕ್ಷೆ ಇದೆಯಲ್ಲ, ಹೋಲಿಸಿದರಾಯಿತು."

"ಅಲ್ಲ ಸಾರ್, ಆ ಪಾದೆಯನ್ನು ಎಂತ ಮಾಡುದು?"

"ಯಾವ ಪಾದೆ?"

"ಜಾಗದ ನಡುವಿನಲ್ಲಿ ಉಂಟಲ್ಲ ಸಾರ್, ಕರಿಬಂಡೆ. ಮೂರು ಆನೆ ಒಂದರ ಮೇಲೆ ಒಂದು ಮಲಗಿದ ಹಾಗೆ."

ಕೃಷ್ಣಮೋಹನನಿಗೆ ಬಸ್‌ಸ್ಟ್ಯಾಂಡು ಒಂದು ಸುತ್ತು ತಿರುಗಿ ನಿಂತಂತಾಯಿತು. ಆ ದಿನ ಅವನು ಗುಡ್ಡ ಹತ್ತಿರಲಿಲ್ಲ. ಬಿಸಿಲಿತ್ತು, ಕೆಳಗೆ ಅಬೂಬಕರನ ಚಹಾದ ಹೋಟೆಲಿನಲ್ಲಿ ನೆರಳಿತ್ತು. ಹಳೆಯ ಕಾಗದದಲ್ಲಿದ್ದ ನಾಲ್ಕು ಗಡಿಗಳನ್ನು ನಕಲಿಳಿಸಿ, ನಡುವೆ ಬರಿದಾಗಿ ಕಂಡಿತೆಂದು ಸ್ಕೇಲಿಟ್ಟು ಎರಡು ಗೆರೆ ಎಳೆದು 'ಗಾಡಿದಾರಿ' ಎಂದು ಬರೆದು ಸಹಿ ಹಾಕಿದ್ದ. ಗಾಡಿದಾರಿ ಇಲ್ಲದ ಜಾಗ ಎಲ್ಲುಂಟು ಎಂಬುದು ಅವನ ಅಂದಾಜು.

"ನೀನು ಮೇಲೆ ಹೋಗಿ ಬಂದವನು ಆಗಲೇ ಯಾಕೆ ಹೇಳಲಿಲ್ಲ ಮಾರಾಯ?"

"ನೀವು ಕೇಳಲಿಲ್ಲವಲ್ಲ ಸಾರ್. ನನ್ನನ್ನು ಮೇಲೆ ಕಳಿಸಿದ್ದು ಒಳ್ಳೆ ಹಲಸಿನಕಾಯಿ ಇದ್ದರೆ ತಾ ಅಂತ. ತಂದೆನಲ್ಲ?"

ಸಮ್ಮೇಳನ ನಡೆಯುತ್ತಿದ್ದದ್ದು ಪೇಟೆಯ ಶಾಲೆಯ ಹಾಲಿನಲ್ಲಿ. ಉದ್ದಕ್ಕೆ ಬೆಂಚು ಜೋಡಿಸಿ ಮೇಲೆ ಮಾದರಿಗಳನ್ನು ಇಟ್ಟಿದ್ದರು. ಹೆಂಚಿನ ಕಾರ್ಖಾನೆ, ಗುಂಡ್ಯದ ಸೇತುವೆ, ಅಂಗೈಯಗಲದ ಜೀಪಿನಲ್ಲಿ ಇಪ್ಪತ್ತೊಂದು ಜನ ನೇತಾಡುವ ಕಡಬದ ಸರ್ವಿಸ್. ಕೃಷ್ಣಮೋಹನನಿಗೆ ಅವು ಯಾವುವೂ ಕಾಣಲಿಲ್ಲ. ಅವನ ಕಣ್ಣು ನೆಟ್ಟದ್ದು ಮೂಲೆಯಲ್ಲಿ ಬಿಳಿ ಮುಂಡು ಪಂಚೆ ಹೊದ್ದು ಮಲಗಿದ್ದ ಎರಡಡಿ ಚೌಕದ ಹಲಗೆಯ ಮೇಲೆ. ಪಕ್ಕದಲ್ಲೇ ಸ್ಟೂಲು ಹಾಕಿ ಕುಳಿತು ಚಾಕೋನ ಹೆಂಡತಿ ಅಚ್ಚಾಮ್ಮ ಕಾಯುತ್ತಿದ್ದಳು.

ಅವನು ಕೆಮ್ಮಿದ. ಗೋಡೆಯ ಗಡಿಯಾರ ನೋಡುವವನಂತೆ ಅತ್ತ ಸರಿದ. ಒಂದು ಬೆರಳಿನಿಂದ ಮುಂಡಿನ ತುದಿ ಎತ್ತಿದ.

"ಅಯ್ಯೋ ಸಾರೇ!" ಎಂದು ಅಚ್ಚಾಮ್ಮ ಇಡೀ ಹಾಲು ತಿರುಗುವಂತೆ ಕೂಗಿದಳು. "ಮದುವೆಗೆ ಮೊದಲೇ ಮುಸುಕು ತೆಗೆದು ನೋಡುದಾ? ತಹಶೀಲ್ದಾರ್ ಸಾರು ಬಂದು ಅವರೇ ತೆಗೆಯುದು. ಹಾಗೆ ಅಂತ ಮಾತಾಗಿದೆ."

"ಇಲ್ಲ, ಧೂಳು ಕೂತಿತ್ತು..." ಎಂದು ಕೃಷ್ಣಮೋಹನ ಹಿಂದೆ ಸರಿದ.

ಅವನು ನೇರ ವೆಂಕಟ್ರಮಣರ ಹತ್ತಿರ ಹೋದ. "ನೋಡಿ, ಒಂಬತ್ತನೇ ನಿಯಮ ತೆಗೆದುಬಿಡುವ. ಪಾಪ, ಬಡಜನರಿಗೆ ಕಷ್ಟವಾಗುತ್ತದೆ."

"ಎಂತ ಮಾತು ಸಾರ್! ಅದು ಇದ್ದ ಕಾರಣವೇ ತಹಶೀಲ್ದಾರರು ಬರಲು ಒಪ್ಪಿದ್ದು. ಚಾಕೋ ಜಾಗದ ನಕ್ಷೆಯ ಪ್ರತಿಯನ್ನು ಅವರೇ ಆಫೀಸಿನಿಂದ ತೆಗೆದುಕೊಂಡು ಬರುತ್ತಿದ್ದಾರೆ. 'ಇಂಥ ನಿಯಮ ಬರೆದವನ ಕೈಗೆ ಮುತ್ತಿಡಬೇಕು' ಅಂದರು."

ಆ ಕೈ ಸ್ಕೇಲನ್ನು ಮೆಲ್ಲಗೆ ಜೇಬಿಗೆ ಇಳಿಸಿತು.

ತಹಶೀಲ್ದಾರರು ಬರುವಷ್ಟರಲ್ಲಿ ಉಳಿದವನ್ನು ಅಳೆದು ಮುಗಿಸೋಣವೆಂದು ವೆಂಕಟ್ರಮಣರು ಅವನನ್ನು ಎಳೆದುಕೊಂಡು ಹೊರಟರು. ಮೊದಲು ಕಮಲಾವತಿ ಟೀಚರ ಶಿರಾಡಿ ಘಾಟಿ: ರಟ್ಟಿನ ಬೆಟ್ಟ, ಅದಕ್ಕೊಂದು ಸುರಂಗ, ಎದುರಿಗೆ ಬೆಂಕಿಪೆಟ್ಟಿಗೆಯ ರೈಲು. ಸುರಂಗದ ಬಾಯಿ ಒಂದೂಕಾಲು ಇಂಚು, ರೈಲಿನ ಅಗಲ ಒಂದೂವರೆ.

"ಟೀಚರ್, ಈ ರೈಲು ಒಳಗೆ ಹೋಗುವುದಿಲ್ಲ" ಎಂದ.

"ಹೋಗುದು ಯಾಕೆ ಸಾರ್?" ಎಂದರು ಟೀಚರು ತಣ್ಣಗೆ. "ಅದು ಮಳೆಗಾಲದ ರೈಲು. ಗುಡ್ಡ ಜರಿದು ನಿಂತದ್ದು. ನೀವು ಒಮ್ಮೆಯಾದರೂ ಆ ಗಾಡಿಯಲ್ಲಿ ಕೂತಿದ್ದರೆ ಈ ಪ್ರಶ್ನೆ ಕೇಳುತ್ತಿರಲಿಲ್ಲ."

ಬೇರೆ ದಿನವಾಗಿದ್ದರೆ ಕೃಷ್ಣಮೋಹನ ಅರ್ಧ ಗಂಟೆ ವಾದಿಸುತ್ತಿದ್ದ. ಇವತ್ತು "ಸರಿ, ಸರಿ" ಎಂದು ಮುಂದೆ ಹೋದ. ದಯೆಯಿಲ್ಲದ ತೀರ್ಪುಗಾರನೆಂದು ಕೇಳಿ ಬಂದಿದ್ದ ಜನರಿಗೆ ಇದು ನಿರಾಸೆಯೇ ಆಯಿತು.

ಮುಂದೆ ಪೋಕರ್ ಬ್ಯಾರಿಯ ಉರು. ಮಂಗಳೂರು ಬಂದರಿನಿಂದ ಅರಬರ ದೇಶಕ್ಕೆ ಹೆಂಚು ಹೊತ್ತೊಯ್ಯುವ ಮರದ ಹಡಗು. ಹಲಸಿನ ಮರದಲ್ಲಿ ಎರಡು ವರ್ಷ ಕೆತ್ತಿದ್ದು. ಒಂದು ಇಂಚಿಗೆ ನಾಲ್ಕು ಅಡಿ. ಹಲಗೆ, ಹಗ್ಗ, ಲಂಗರು, ಯಾವುದರಲ್ಲೂ ಎಳ್ಳಷ್ಟು ತಪ್ಪಿಲ್ಲ. ಆದರೆ ಅಟ್ಟದ ಮೇಲೆ ಟೊಪ್ಪಿ ಹಾಕಿ ನಿಂತಿದ್ದ ಒಬ್ಬ ನಾವಿಕ ಮಾತ್ರ ನಾಲ್ಕೂಮುಕ್ಕಾಲು ಇಂಚು ಇದ್ದ.

"ಪೋಕರಾಕ, ಈ ಲೆಕ್ಕದಲ್ಲಿ ಇವರ ಎತ್ತರ ಹತ್ತೊಂಬತ್ತು ಅಡಿ."

"ಅದು ನನ್ನ ಅಜ್ಜ" ಎಂದರು ಪೋಕರ್ ಬ್ಯಾರಿ, ಇನ್ನು ಮಾತಿಗೆ ಎಡೆಯಿಲ್ಲವೆಂಬಂತೆ.

"ಆದರೂ ಅಳತೆ..."

"ಸಾರ್, ಮೊದಲು ಅಳತೆಗೆ ಸರಿಯಾಗಿ ಒಂದೂವರೆ ಇಂಚಿನದ್ದೇ ಮಾಡಿದ್ದೆ. ಮನೆಯಲ್ಲಿ ಹೆಂಡತಿ ಮೈಮೂನ ನೋಡಿ ಎರಡು ದಿನ ಮಾತು ಬಿಟ್ಟಳು. 'ಅಜ್ಜನನ್ನು ಇಲಿಮರಿ ಮಾಡಿ ಊರಿಗೆ ತೋರಿಸ್ತೀರಾ' ಅಂತ. ಅಜ್ಜ ಬಂದರಿನಲ್ಲಿ ನಿಂತರೆ ಉರುವೇ ಸಣ್ಣದು ಕಾಣುತ್ತಿತ್ತು. ನೀವು ಮರ ಅಳೆಯಿರಿ. ಅಜ್ಜನನ್ನು ಅಳೆಯುದು ಬೇಡ."

ಕೃಷ್ಣಮೋಹನನ ತಲೆಯಲ್ಲಿ ಮಿಂಚು ಹೊಡೆಯಿತು. ಪ್ರಥಮ ಬಹುಮಾನ ಈ ಉರುವಿಗೆ ಈಗಲೇ ಕೊಟ್ಟುಬಿಟ್ಟರೆ? ಆಮೇಲೆ ಚಾಕೋನ ಮುಂಡು ಎತ್ತುವ ಅಗತ್ಯವೇ ಇಲ್ಲ! "ಬಹಳ ಚೆನ್ನಾಗಿದೆ. ಇದಕ್ಕಿಂತ ಮೇಲಿನದು ಇನ್ನು ಸಿಗುವ ಸಂಭವವೇ ಇಲ್ಲ..." ಎಂದು ದೊಡ್ಡ ದನಿಯಲ್ಲಿ ಶುರುಮಾಡಿದ. ಪೋಕರ್ ಬ್ಯಾರಿಯ ಗಡ್ಡ ಸಂತೋಷದಿಂದ ಅರ್ಧ ಇಂಚು ಮೇಲೇರಿತು.

ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದು. "ಬಂದರು! ಬಂದರು!"

ತಹಶೀಲ್ದಾರರು ಬಂದರು. ಬಗಲಲ್ಲಿ ಸುರುಳಿ ಸುತ್ತಿದ ನಕ್ಷೆ. "ಎಲ್ಲಿ ಆ ಜಾಗದ ಮಾದರಿ? ಮೊದಲು ಅದು ಆಗಲಿ" ಎಂದರು, ಹಾರ ಹಾಕುವುದಕ್ಕೂ ಕುತ್ತಿಗೆ ಕೊಡದೆ.

ಜನ ಮೂಲೆಗೆ ನುಗ್ಗಿದರು. ಚಾಕೋ ಎದೆಯ ಮೇಲೆ ಶಿಲುಬೆ ಎಳೆದುಕೊಂಡು ನಿಂತ. ತಹಶೀಲ್ದಾರರು ಮುಂಡಿನ ತುದಿ ಹಿಡಿದರು. ಕೃಷ್ಣಮೋಹನ ಕಣ್ಣು ಮುಚ್ಚಿದ. ಮೂರು ಆನೆಗಳು ಒಂದರ ಮೇಲೊಂದು ಬಂದು ಅವನ ಎದೆಯ ಮೇಲೆ ಕೂತವು.

"ವಾಹ್!" ಎಂಬ ದನಿ ಕೇಳಿ ಕಣ್ಣು ತೆರೆದ.

ಹಸಿರು ಬಣ್ಣ ಹಚ್ಚಿದ ಮರದ ಪುಡಿಯ ನೆಲ. ಸಾಲುಸಾಲಾಗಿ ಕಡ್ಡಿಯ ರಬ್ಬರ್ ಮರಗಳು. ಕೆಂಪು ಮಾಡಿನ ಮನೆ, ಅಂಗಿಯ ಗುಂಡಿಯಿಂದ ಮಾಡಿದ ಬಾವಿ, ರಬ್ಬರ್ ಶೀಟು ಒಣಗಿಸುವ ಹೊಗೆಮನೆ, ಎರಡು ಹಸು. ಜಾಗದ ನಟ್ಟನಡುವೆ, ಸ್ಕೇಲಿಟ್ಟು ಎಳೆದ ಹಾಗೆ, ನೇರವಾದ ಗಾಡಿದಾರಿ.

ಬಂಡೆ ಇಲ್ಲ.

ಕೃಷ್ಣಮೋಹನ ಬಗ್ಗಿ ನೋಡಿದ. ಮರಗಳ ಹಿಂದೆ ನೋಡಿದ. ಎದ್ದು ಜತ್ತಪ್ಪನ ಮುಖ ನೋಡಿದ. ಜತ್ತಪ್ಪನ ಬಾಯಿ ಒಂದು ದೋಸೆ ಮಡಚದೆ ಹೋಗುವಷ್ಟು ತೆರೆದಿತ್ತು.

"ಅಳೆಯಿರಿ ಕೃಷ್ಣಮೋಹನ್" ಎಂದರು ತಹಶೀಲ್ದಾರರು, ನಕ್ಷೆ ಬಿಚ್ಚುತ್ತಾ.

ಅವನು ಅಳೆದ. ಒಂದು ಇಂಚಿಗೆ ಇಪ್ಪತ್ತು ಅಡಿ. ಮೂಡಣ ಗಡಿ ಸರಿ. ತೆಂಕಣ ಗಡಿ ಸರಿ. ದಾರಿಯ ಅಗಲ, ಉದ್ದ, ಬೇಲಿಯಿಂದ ಅದಕ್ಕಿರುವ ದೂರ, ಎಲ್ಲವೂ ಅವನ ನಕ್ಷೆಯೇ ಎದ್ದು ನಿಂತಂತೆ. ಅಳೆಯುತ್ತಿದ್ದಂತೆ ಅವನಿಗೆ ಗುಟ್ಟು ಹೊಳೆಯಿತು: ಈ ಚಾಕೋ ತನ್ನ ಜಾಗ ನೋಡಿ ಮಾಡಿದ್ದೇ ಅಲ್ಲ! ಆಫೀಸಿನಿಂದ ನಕ್ಷೆ ತರಿಸಿಕೊಂಡು, ಅದನ್ನು ನೋಡಿ, ಮನೆಯಲ್ಲಿ ಕೂತು ಅಂಟಿಸಿದ್ದಾನೆ! ಕೃಷ್ಣಮೋಹನನಿಗೆ ಹೋದ ಜೀವ ಮರಳಿತು. ಮರಳಿದ ಮರುಗಳಿಗೆಯೇ ಅದಕ್ಕೆ ಸಾತ್ವಿಕ ಕೋಪ ಬಂತು. ಸ್ಥಳವನ್ನೇ ನೋಡದೆ ಕೆಲಸ ಮಾಡುವುದೆಂದರೇನು? ಜನರಲ್ಲಿ ಪ್ರಾಮಾಣಿಕತೆ ಎಂಬುದು ಎಲ್ಲಿ ಉಳಿದಿದೆ?

ಆದರೂ ಕೋಪ ನುಂಗಿಕೊಂಡು ವೇದಿಕೆ ಹತ್ತಿ ಗಂಭೀರವಾಗಿ ಹೇಳಿದ: "ಸರಕಾರಿ ದಾಖಲೆಗೂ ಈ ಮಾದರಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಪ್ರಥಮ ಬಹುಮಾನ, ಶ್ರೀ ಚಾಕೋ. ದ್ವಿತೀಯ, ಶ್ರೀ ಪೋಕರ್ ಅವರ ಉರು."

ಚಪ್ಪಾಳೆ ಮುಗಿಯುವ ಮೊದಲೇ ಪೋಕರ್ ಬ್ಯಾರಿ ವೇದಿಕೆಯ ಬುಡದಲ್ಲಿದ್ದರು.

"ಹೋ ಸಾರ್! ಆಗ ನನ್ನ ಹತ್ತಿರ 'ಇದಕ್ಕಿಂತ ಮೇಲಿನದು ಇಲ್ಲ' ಅಂದ ಬಾಯಿ ಇದೇ ಅಲ್ಲವಾ?"

"ಅದು... ಅಜ್ಜನ ಎತ್ತರ..."

"ಅಜ್ಜನ ಸುದ್ದಿಗೆ ಬರಬೇಡಿ. ನನ್ನ ಉರುವನ್ನು ಮುಟ್ಟಿ, ತಟ್ಟಿ, ಮಗುಚಿ ಅಳೆದಿರಿ. ಅವನದ್ದನ್ನು ಎಂತದರ ಜೊತೆ ಅಳೆದಿರಿ? ಕಾಗದದ ಜೊತೆ. ಕಾಗದದಲ್ಲಿ ಮಾವಿನ ಚಿತ್ರ ಬರೆದು ಇದು ಸಿಹಿ ಉಂಟು ಅಂತ ಹೇಳ್ಲಿಕ್ಕೆ ಆಗುತ್ತದಾ? ಜಾಗ ಇಲ್ಲೇ ಎರಡು ಮೈಲಿ. ಹೋಗಿ ಜಾಗ ನೋಡಿ ಅಳೆಯಿರಿ. ನ್ಯಾಯ ಎಲ್ಲರಿಗೂ ಒಂದೇ."

"ಅದರ ಅಗತ್ಯವಿಲ್ಲ!" ಎಂದು ಕೃಷ್ಣಮೋಹನ ಕಿರುಚಿದ ರೀತಿಗೆ ಅವನೇ ಬೆಚ್ಚಿದ. "ಸರಕಾರಿ ನಕ್ಷೆಯನ್ನು ಸಂಶಯಿಸುವುದೆಂದರೆ ಸರಕಾರವನ್ನೇ..."

"ಇವರು ಹೇಳುವುದರಲ್ಲಿ ನ್ಯಾಯ ಉಂಟು" ಎಂದರು ತಹಶೀಲ್ದಾರರು. "ನಿಮ್ಮ ನಕ್ಷೆಯ ಬಗ್ಗೆ ನಿಮಗೇನೂ ಭಯವಿಲ್ಲವಲ್ಲ? ನಡೆಯಿರಿ. ನಿಮ್ಮ ಕೆಲಸ ನೆಲದ ಮೇಲೇ ನೋಡಿದ ಹಾಗಾಯಿತು. ಸಹಿ ಹಾಕಲು ನನಗೂ ಸುಲಭ."

ಒಂದು ಜೀಪಿನಲ್ಲಿ ತಹಶೀಲ್ದಾರರು, ಕೃಷ್ಣಮೋಹನ, ಚಾಕೋ, ಅಚ್ಚಾಮ್ಮ, ಪೋಕರ್ ಬ್ಯಾರಿ, ವೆಂಕಟ್ರಮಣ ತುಂಬಿಕೊಂಡರು. ಜತ್ತಪ್ಪ ಹಿಂದೆ ನೇತಾಡಿದ. ಉಳಿದ ಸಮ್ಮೇಳನ ಇನ್ನೆರಡು ಬಾಡಿಗೆ ಜೀಪು ಹಿಡಿದು ಹಿಂಬಾಲಿಸಿತು. ಹಾಲಿನಲ್ಲಿ ಉಳಿದದ್ದು ಹತ್ತೊಂಬತ್ತು ಅಡಿಯ ಅಜ್ಜ ಒಬ್ಬರೇ.

ದಾರಿಯುದ್ದಕ್ಕೂ ಕೃಷ್ಣಮೋಹನ ತನಗೆ ಗೊತ್ತಿದ್ದ ದೇವರುಗಳನ್ನೆಲ್ಲ ಕರೆದ. ಜೀಪು ಕೆಡಲಿ. ಟಯರು ಒಡೆಯಲಿ. ಹೊಳೆಗೆ ನೆರೆ ಬರಲಿ. ಜನವರಿಯಲ್ಲಿ ನೆರೆ ಕೇಳಿದರೆ ಯಾವ ದೇವರು ತಾನೇ ಏನು ಮಾಡಿಯಾನು? ಜೀಪು ಯಾವತ್ತೂ ಇಲ್ಲದ ಹುರುಪಿನಲ್ಲಿ ಗುಡ್ಡ ಹತ್ತಿತು.

ಕಡೆಯ ತಿರುವಿನಲ್ಲಿ ಅವನು ಮತ್ತೆ ಕಣ್ಣು ಮುಚ್ಚಿದ. ಜೀಪು ನಿಂತಿತು. ಎಲ್ಲರೂ ಇಳಿದರು.

"ಕೃಷ್ಣಮೋಹನ್" ಎಂದರು ತಹಶೀಲ್ದಾರರು. "ನೀವು ಮನುಷ್ಯರಲ್ಲ."

"ಸರ್, ನನಗೆ ಇಬ್ಬರು ಹೆಣ್ಣುಮಕ್ಕಳು..."

"ಕಣ್ಣು ಬಿಡಿ ಮಾರಾಯ್ರೆ! ಇಷ್ಟು ನೇರ ದಾರಿ ನಾನು ಜಿಲ್ಲೆಯಲ್ಲೇ ಕಂಡಿಲ್ಲ."

ಅವನು ಕಣ್ಣು ಬಿಟ್ಟ. ರಬ್ಬರ್ ಸಾಲುಗಳ ನಡುವೆ ಅವನ ಗೆರೆ ಮಲಗಿತ್ತು. ಚಹಾದ ಹೋಟೆಲಿನ ಬೆಂಚಿನ ಮೇಲೆ ಕಾಲು ಚಾಚಿ ಕುಳಿತು ಎಳೆದ ಅದೇ ಗೆರೆ, ಅಷ್ಟೇ ನೇರ, ಅಷ್ಟೇ ಅಗಲ, ಇಲ್ಲಿ ಮಣ್ಣಿನಲ್ಲಿ. ಬಂಡೆಯಿಲ್ಲ. ಬಂಡೆಯ ಗುರುತೂ ಇಲ್ಲ.

"ಜತ್ತಪ್ಪ, ನೀನು ನಿಜವಾಗಿ ನೋಡಿದ್ದೆಯಾ?" ಎಂದು ಪಿಸುಗುಟ್ಟಿದ.

"ಅದರ ಮೇಲೆ ಕೂತು ಎರಡು ಬೀಡಿ ಎಳೆದಿದ್ದೇನೆ ಸಾರ್" ಎಂದ ಜತ್ತಪ್ಪ, ಭೂತ ಕಂಡವನಂತೆ. "ಬೆನ್ನಿಗೆ ಬಿಸಿಲು ಕಾಯುತ್ತಿತ್ತು. ನನಗೆ ನೆನಪುಂಟು."

ಪೋಕರ್ ಬ್ಯಾರಿಗೂ ಒಪ್ಪಿಗೆಯಾಯಿತು. "ಸರಿ ಉಂಟು. ಒಪ್ಪಿದೆ" ಎಂದರು ಕಷ್ಟದಿಂದ. ಎಲ್ಲವೂ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಬಹುಮಾನ ಗೆದ್ದ ಮನುಷ್ಯನಿಗೆ ನಾಲ್ಕು ಮಾತಾಡಬೇಕೆನಿಸುವುದು ಸಹಜ.

"ಸುಲಭದಲ್ಲಿ ಆದದ್ದಲ್ಲ ಸಾರೇ" ಎಂದ ಚಾಕೋ, ಮುಂಡನ್ನು ಮೇಲೆ ಕಟ್ಟುತ್ತಾ. "ಮೊದಲು ಇಲ್ಲಿ ನಡುವಿನಲ್ಲಿ ಒಂದು ಬಂಡೆ ಇತ್ತು. ಮನೆಗಿಂತ ದೊಡ್ಡದು."

ಕೃಷ್ಣಮೋಹನ ಮೆಲ್ಲಗೆ ಜೀಪಿನ ಹಿಂದಕ್ಕೆ ಸರಿದ.

"ಬಂಡೆ? ನಕ್ಷೆಯಲ್ಲಿ ಇಲ್ಲವಲ್ಲ?" ಎಂದರು ತಹಶೀಲ್ದಾರರು.

"ಅದೇ ಸಾರೇ! ಸರ್ವೆ ಸಾರು ಕೊಟ್ಟ ನಕ್ಷೆ ತಂದು ನೋಡಿದರೆ ಬಂಡೆ ಇಲ್ಲ. ಇಲ್ಲದ ದಾರಿ ಉಂಟು. ನನಗೆ ಎರಡು ದಿನ ಊಟ ಸೇರಲಿಲ್ಲ. ನಾವು ಕೇರಳದಿಂದ ಬಂದವರು ಸಾರೇ. ನಾಳೆ ಯಾರಾದರೂ 'ಇದು ನಿನ್ನ ಕಾಗದದ ಜಾಗ ಅಲ್ಲ, ನಿನ್ನ ಜಾಗದಲ್ಲಿ ಬಂಡೆ ಇಲ್ಲ' ಅಂದರೆ ಎಂತ ಮಾಡುದು? ಸರಕಾರದ ನಕ್ಷೆ ತಿದ್ದಲಿಕ್ಕೆ ನಮ್ಮಿಂದ ಆಗುತ್ತದಾ? ಬಂಡೆಯಾದರೆ ತಿದ್ದಬಹುದು. ಮೂರು ಬೇಸಿಗೆ ಹಿಡಿಯಿತು. ಮದ್ದು ಹಾಕಿ ಒಡೆದು, ಕಲ್ಲು ಹೊತ್ತು, ನಕ್ಷೆಯಲ್ಲಿ ಇದ್ದ ಹಾಗೆ ದಾರಿ ಮಾಡಿದೆವು. ಮಾದರಿ ಮಾಡಿದ್ದು ಆಮೇಲೆ, ಎಲ್ಲ ಸರಿಯಾಗಿದೆಯಾ ಅಂತ ನೋಡಲಿಕ್ಕೆ."

"ಇವರ ಸೊಂಟ ಹೋಯಿತು, ನನ್ನ ಕಿವಿ ಹೋಯಿತು" ಎಂದು ಅಚ್ಚಾಮ್ಮ ಸೇರಿಸಿದಳು. "ಆದರೂ ಕಾಗದ ಸರಿಯಾಯಿತಲ್ಲ, ಕರ್ತನ ದಯೆ."

ತಹಶೀಲ್ದಾರರು ನಕ್ಷೆ ನೋಡಿದರು. ದಾರಿ ನೋಡಿದರು. ಕೃಷ್ಣಮೋಹನನನ್ನು ನೋಡಿದರು. ಆ ನೋಟ ಮುಗಿಯಲು ಒಂದು ಸಣ್ಣ ಗ್ರಹಣದಷ್ಟು ಹೊತ್ತು ಹಿಡಿಯಿತು. ಆಮೇಲೆ ಅವರ ಹೊಟ್ಟೆ ಮೆಲ್ಲಗೆ ಅಲುಗತೊಡಗಿತು. ಅವರು ನಗುತ್ತಿದ್ದರು.

"ಅಲ್ಲ ಮಾರಾಯ್ರೆ, ಈಗ ನಾನು ಎಂತ ಬರೆಯುವುದು? ನಕ್ಷೆ ತಪ್ಪು ಅಂತ ಬರೆಯುವ ಹಾಗಿಲ್ಲ, ನೆಲ ಸರಿ ಉಂಟು. ನೆಲ ತಪ್ಪು ಅಂತ ಬರೆಯುವ ಹಾಗಿಲ್ಲ, ನಕ್ಷೆ ಸರಿ ಉಂಟು. ದೂರು ಕೊಡುವವರು ಯಾರೂ ಇಲ್ಲ. ತಪ್ಪು ಇತ್ತು ಅನ್ನಲಿಕ್ಕೆ ಇದ್ದ ಒಂದೇ ಸಾಕ್ಷಿಯನ್ನು ಈ ಪುಣ್ಯಾತ್ಮ ಒಡೆದು ಹಾಕಿದ್ದಾನೆ." ಅವರು ಕಣ್ಣೊರೆಸಿಕೊಂಡು ಜೀಪಿನತ್ತ ತಿರುಗಿದರು. "ನಿಮ್ಮ ಅದೃಷ್ಟ ದೊಡ್ಡದು ಕೃಷ್ಣಮೋಹನ್. ಆ ಫೈಲು ತನ್ನಿ. ನಿಮ್ಮನ್ನು 'ಸ್ಥಳಕ್ಕೆ' ಕಳಿಸುವುದಕ್ಕಿಂತ ಮಂಗಳೂರಿನ ಮೇಜಿಗೆ ಕಟ್ಟಿಹಾಕುವುದೇ ಊರಿಗೆ ಕ್ಷೇಮ."

ಕೃಷ್ಣಮೋಹನ ಓಡಿದ. ಫೈಲು ತಂದು ಜೀಪಿನ ಬಾನೆಟ್ಟಿನ ಮೇಲೆ ಬಿಡಿಸಿಟ್ಟ. ತಹಶೀಲ್ದಾರರು ಪೆನ್ನಿನ ಮುಚ್ಚಳ ತೆಗೆದರು.

"ಸಾರ್, ಒಂದು ನಿಮಿಷ." ಪೋಕರ್ ಬ್ಯಾರಿ ಮುಂದೆ ಬಂದರು. ಈಗ ಅವರ ದನಿಯಲ್ಲಿ ಜಗಳವಿರಲಿಲ್ಲ, ಭಕ್ತಿಯಿತ್ತು. "ಸರ್ವೆ ಸಾರ್ ಹೇಗೂ ಇಲ್ಲೇ ಇದ್ದಾರೆ. ಒಂದು ಸಂಶಯ ಕೇಳಿಬಿಡುತ್ತೇನೆ. ಪೇಟೆಯ ಹಿಂದೆ ನಮ್ಮದೊಂದು ಜಾಗ ಉಂಟಲ್ಲ, ಅದರ ನಕ್ಷೆ ಮಾಡಿದ್ದೂ ಇವರೇ."

"ಆಮೇಲೆ ಕೇಳಿ ಪೋಕರಾಕ, ಆಮೇಲೆ" ಎಂದು ಕೃಷ್ಣಮೋಹನ ಅಡ್ಡ ಬಂದ.

"ಇರಿ ಸಾರ್. ಅದರಲ್ಲಿ ಮೂಡಣ ಮೂಲೆಗೆ ಒಂದು ಕೆರೆ ತೋರಿಸಿದ್ದಾರೆ. ನೀಲಿ ಶಾಯಿಯಲ್ಲಿ, ದುಂಡಗೆ. ಜಾಗದಲ್ಲಿ ನೋಡಿದರೆ ಕೆರೆ ಇಲ್ಲ! ಸರಕಾರದ ಕೆರೆ ಮುಚ್ಚಿದ್ದೀರಿ ಅಂತ ಕೇಸು ಹಾಕಿದರೆ ಎಂತ ಮಾಡುದು ಅಂತ ಹೆದರಿ ನಾವೂ ತೋಡ್ಲಿಕ್ಕೆ ಶುರುಮಾಡಿದೆವು. ಈಗ ಮೂರು ವರ್ಷ ಆಯಿತು. ಹದಿನೆಂಟು ಕೋಲು ಆಳಕ್ಕೆ ಇಳಿದಿದ್ದೇವೆ. ಒಂದು ತೊಟ್ಟು ನೀರಿಲ್ಲ." ಅವರು ಕೈಮುಗಿದರು. "ನಿಮ್ಮ ಕೆರೆಯಲ್ಲಿ ನೀರು ಎಷ್ಟನೇ ಕೋಲಿಗೆ ಉಂಟು, ಒಂದು ಹೇಳಿದರೆ ಉಪಕಾರ."

ಕೃಷ್ಣಮೋಹನನಿಗೆ ಆ ಕೆರೆ ಚೆನ್ನಾಗಿ ನೆನಪಿತ್ತು. ಅಬೂಬಕರನ ಗ್ಲಾಸಿನಿಂದ ಕಾಗದದ ಮೇಲೆ ಬಿದ್ದ ಒಂದು ಹನಿ ಚಹಾ. ಉಜ್ಜಿದರೆ ಕಾಗದ ಹರಿಯುತ್ತದೆಂದು ಸುತ್ತಲೂ ನೀಲಿ ಗೆರೆ ಎಳೆದು 'ಕೆರೆ' ಎಂದು ಬರೆದಿದ್ದ.

ತಹಶೀಲ್ದಾರರು ಪೆನ್ನಿಗೆ ಮುಚ್ಚಳ ಹಾಕಿದರು. ಈಗ ಅವರು ನಗುತ್ತಿರಲಿಲ್ಲ.

"ಈ ಕಡೆಯಲ್ಲಿ ನೀವು ಮಾಡಿದ ನಕ್ಷೆ ಎಷ್ಟು?"

ಕೃಷ್ಣಮೋಹನ ಬೆರಳು ಮಡಚಿ ಎಣಿಸತೊಡಗಿದ. ಹಳೆಯ ನಿಷ್ಠೆಯಿಂದ ಜತ್ತಪ್ಪನೇ ಮುಂದೆ ಬಂದು ಹೇಳಿದ: "ಇನ್ನೂರ ಹದಿನಾಲ್ಕು ಸಾರ್."

"ಅದರಲ್ಲಿ ಸ್ಥಳಕ್ಕೆ ಹೋಗಿ ಮಾಡಿದ್ದು?"

"ಎರಡು ಸಾರ್. ಅವು ಹೋಟೆಲಿನಿಂದಲೇ ಕಾಣುತ್ತಿದ್ದವು."

"ಮಂಗಳೂರು ಅಲ್ಲೇ ಇರಲಿ" ಎಂದು ತಹಶೀಲ್ದಾರರು ಫೈಲನ್ನು ಮಡಚಿ ಬಗಲಿಗೆ ಸೇರಿಸಿದರು. "ನಾಳೆ ಬೆಳಿಗ್ಗೆ ಚೈನು ಹಿಡಿದು ಹೊರಡಿ. ಇನ್ನೂರ ಹನ್ನೆರಡನ್ನೂ ನಡೆದು ನೋಡಿ ಬನ್ನಿ. ಎಷ್ಟು ವರ್ಷ ಹಿಡಿದರೂ ಅಡ್ಡಿಯಿಲ್ಲ. ಪುಣ್ಯಕ್ಕೆ ಈ ಇಬ್ಬರನ್ನು ಬಿಟ್ಟರೆ ನಕ್ಷೆಯನ್ನು ಇಷ್ಟು ನಂಬಿದವರು ಬೇರೆ..."

ಅವರ ಮಾತು ಮುಗಿಯಲಿಲ್ಲ. ಪಕ್ಕದ ಗುಡ್ಡದ ಆಚೆಯಿಂದ 'ಢಂ' ಎಂದು ಭೂಮಿ ನಡುಗಿತು. ರಬ್ಬರ್ ಎಲೆಗಳು ಉದುರಿದವು. ಬಾನೆಟ್ಟಿನ ಮೇಲೆ ಸಣ್ಣ ಕಲ್ಲಿನ ಚೂರೊಂದು ಬಂದು ಟಣ್ಣೆಂದಿತು.

"ಅದೆಂತದು!" ಎಂದು ತಹಶೀಲ್ದಾರರು ಜೀಪಿನ ಹಿಂದೆ ಕುಕ್ಕರಿಸಿ ಕೂತರು.

"ಹೆದರಬೇಡಿ ಸಾರೇ, ಅದು ನಮ್ಮ ಮತ್ತಾಯಿ" ಎಂದ ಚಾಕೋ, ಹೆಮ್ಮೆಯಿಂದ. "ಅವನದ್ದೂ ಇದೇ ಸಾರಿನ ನಕ್ಷೆ. ಅದರಲ್ಲಿ ಆ ಗುಡ್ಡವೇ ಇಲ್ಲ."